‘ಅಂತ’ದ ಆಸರೆ: ರಾಯಚೂರು ಸೀಮೆಯ ಲಾರಿ ಹರಟೆಯಲ್ಲಿ ಇಲ್ಲದ ಯಂತ್ರಗಳು

ಅಸ್ತಿತ್ವದಲ್ಲಿಲ್ಲದ ಯಂತ್ರಗಳನ್ನು ಕುರಿತ ಹಾಸ್ಯವು ಯಂತ್ರಗಳೊಡನೆ ಬದುಕುವವರ ನಡುವೆ ಹಲವು ಭಾಷೆಗಳಲ್ಲಿದೆ. ಇಂಗ್ಲಿಷಿನಲ್ಲಿ ಅದರ ಪ್ರಸಿದ್ಧ ಲಿಖಿತ ಮಾದರಿ ‘ಟರ್ಬೊ ಎನ್‌ಕ್ಯಾಬ್ಯುಲೇಟರ್’. 1944ರಲ್ಲಿ ಜೆ. ಎಚ್. ಕ್ವಿಕ್ ಅವರು ಬ್ರಿಟನ್ನಿನ ವಿದ್ಯುತ್ ಎಂಜಿನಿಯರುಗಳ ಸಂಸ್ಥೆಯ ವಿದ್ಯಾರ್ಥಿ ಪತ್ರಿಕೆಯಲ್ಲಿ ಪ್ರಕಟಿಸಿದ ಈ ಬರಹವು ಇಲ್ಲದ ಯಂತ್ರವೊಂದನ್ನು ನಿರ್ವಿಕಾರ ತಾಂತ್ರಿಕ ಶೈಲಿಯಲ್ಲಿ ವರ್ಣಿಸುತ್ತದೆ. ಅಲ್ಲಿ ಹಾಸ್ಯವನ್ನು ಹೊರುವುದು ನಾಮಪದಗಳು. ವಾಕ್ಯಗಳೆಲ್ಲ ನೇರ ಹೇಳಿಕೆಗಳು. ರಾಯಚೂರು, ದೇವದುರ್ಗ, ಮಾನ್ವಿಗಳ ಲಾರಿ ಹರಟೆಯಲ್ಲಾದರೆ ಅದೇ ಹೊರೆ ವಾಕ್ಯದ ಕೊನೆಯ ‘ಅಂತ’ ಎಂಬ ಪುಟ್ಟ ರೂಪದ ಮೇಲೆ ಬೀಳುತ್ತದೆ ಎಂಬುದು ಪ್ರಸ್ತುತ ಲೇಖನದ ವಾದ. ಇಲ್ಲಿನ ಉದಾಹರಣೆಗಳು ಈ ಭಾಗದ ಆಡುಮಾತಿನ ವ್ಯಾಕರಣವನ್ನು ಅನುಸರಿಸಿ ವಿಶ್ಲೇಷಣೆಗಾಗಿ ರಚಿಸಿದವು; ಧ್ವನಿಮುದ್ರಣದ ಲಿಪ್ಯಂತರಗಳಲ್ಲ.

ಮಾನ್ವಿಯ ಬತ್ತ, ದೇವದುರ್ಗದ ಕಡೆಯ ಹತ್ತಿ ಮತ್ತು ಕೃಷ್ಣೆಯ ಮರಳು, ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರದ ಹಾರುಬೂದಿ ಇವೆಲ್ಲ ಲಾರಿಯನ್ನೇ ನೆಚ್ಚಿವೆ. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಈ ಸೀಮೆಯಲ್ಲಿ ಕನ್ನಡ, ತೆಲುಗು, ದಖನಿ ಉರ್ದುಗಳು ಒಂದೇ ಗ್ಯಾರೇಜಿನಲ್ಲಿ ಸಂಧಿಸುವುದು ಸಹಜ. ಕಸುಬಿನ ಪದಗಳೇ ಇದನ್ನು ಹೇಳುತ್ತವೆ: ಚಾಲಕನು ಕ್ಲೀನರನಿಗೆ ‘ಉಸ್ತಾದ’, ರಿಪೇರಿಯವನು ‘ಮಿಸ್ತ್ರಿ’, ನಟ್ಟು ತಿರುಗಿಸುವ ಸಾಧನ ‘ಪಾನಾ’, ಗಾಲಿಗೆ ತುಂಬುವುದು ‘ಹವಾ’.

ಶಿಷ್ಟ ಕನ್ನಡವು ಎರಡು ರೂಪಗಳನ್ನು ಬೇರೆಯಾಗಿಯೇ ಇಡುತ್ತದೆ. ‘ಬರುತ್ತೇನೆ ಅಂತ ಹೇಳಿದ’ ಎಂಬಲ್ಲಿನ ‘ಅಂತ’ ಉದ್ಧರಣಸೂಚಕ; ‘ಬರುತ್ತಾನಂತೆ’ ಎಂಬಲ್ಲಿನ ‘ಅಂತೆ’ ಕೇಳಿಕೆಸೂಚಕ, ಅಂದರೆ ಮಾತಿಗೆ ಆಧಾರ ಪರರ ಬಾಯಿ ಎಂಬುದನ್ನು ತಿಳಿಸುವಂಥದು. ಉತ್ತರದ ಉಪಭಾಷೆಗಳಲ್ಲಿ ಪದಾಂತ್ಯದ ಎಕಾರವು ನಾಮಪದಗಳಲ್ಲಿ ಸಾಮಾನ್ಯವಾಗಿ ಇಕಾರವಾದರೆ (ಮನಿ, ಹೊಳಿ), ಅವ್ಯಯಗಳಲ್ಲಿ ಅಕಾರವಾಗುತ್ತದೆ (ಮ್ಯಾಲ, ಅಂದ್ರ). ಪರಿಣಾಮವಾಗಿ ‘ಅಂತೆ’ಯೂ ‘ಅಂತ’ವಾಗಿ, ಎರಡು ವ್ಯಾಕರಣ ಪಾತ್ರಗಳು ಒಂದೇ ಉಚ್ಚಾರಣೆಯಲ್ಲಿ ಕೂಡಿಕೊಂಡಿವೆ. ನೆರೆಯ ಭಾಷೆಗಳಲ್ಲಿ ಹೀಗಾಗಿಲ್ಲ. ತೆಲುಗಿನಲ್ಲಿ ‘ಅನಿ’ ಉದ್ಧರಣಕ್ಕೆ, ‘ಅಟ’ ಅಥವಾ ‘ಅಂಟ’ ಕೇಳಿಕೆಗೆ. ದಖನಿಯಲ್ಲಿ ‘ಬೋಲ್ಕೆ’ ಉದ್ಧರಣಕ್ಕೆ, ‘ಕತೆ’ ಕೇಳಿಕೆಗೆ. (‘ಕಹತೇ’ಯಿಂದ ಬಂದ ಈ ‘ಕತೆ’ಗೂ ನಮ್ಮ ‘ಕತೆ’ಗೂ ಸಂಸ್ಕೃತದ ‘ಕಥ್’ ಧಾತುವೇ ದೂರದ ಮೂಲವೆಂಬುದು ಹರಟೆಗಾರರಿಗೆ ತಿಳಿದರೆ ಸಂತೋಷಪಟ್ಟಾರು.) ದಖನಿಯಲ್ಲಿ ಬಡಾಯಿ ಕೊಚ್ಚುವವನು ‘ಕತೆ’ ಎಂದೊಡನೆ ಅದು ಕೇಳಿದ ಮಾತೆಂದು ಘೋಷಿತವಾಗುತ್ತದೆ. ರಾಯಚೂರಿನ ಕನ್ನಡಿಗನ ‘ಅಂತ’ ಅಷ್ಟು ಬೇಗ ಗುಟ್ಟು ಬಿಡುವುದಿಲ್ಲ: ಬಿಟ್ಟುಹೋದ ‘ಹೇಳಿದ’ ಎಂಬ ಕ್ರಿಯಾಪದವೊಂದು, ಅದರ ಹಿಂದೆ ಹೆಸರುಳ್ಳ ಸಾಕ್ಷಿಯೊಬ್ಬ, ಯಾವಾಗ ಬೇಕಾದರೂ ಹಾಜರಾಗಬಹುದು. ಮೂವರ ಮಾತುಕತೆಯೊಂದನ್ನು ನೋಡಬಹುದು:

(1) ಇಳಿಜಾರಿನ್ಯಾಗ ಬ್ರೇಕ್ ಹಿಡದ್ರ ಡೀಜಲ್ ಹೊಳ್ಳಿ ಟ್ಯಾಂಕಿಗೆ ಬರ್ತದಂತ.
(2) ನೂರು ಕಿಲೋಮೀಟರಿಗೆ ಎರಡೂವರೆ ಲೀಟರ್. ಮಾನ್ವಿ ರೋಡಿನ್ಯಾಗ ಬರಂಗಿಲ್ಲ, ಅಲ್ಲಿ ಇಳಿಜಾರೇ ಇಲ್ಲ.
(3) ಅದಕ್ಕ ದೇವದುರ್ಗದವ್ರು ಹೊಳಿ ಕಡೆ ಇಳಿಜಾರು ಬಾಡಿಗಿಗೆ ಕೊಡ್ತಾರಂತ.

ತಾನು ಸುಳ್ಳೆಂದು ನಂಬಿದ್ದನ್ನು ಆಡಬಾರದೆಂಬುದು ಗ್ರೈಸ್ 1975ರಲ್ಲಿ ಮಂಡಿಸಿದ ಸಂಭಾಷಣಾ ಸೂತ್ರಗಳಲ್ಲಿ ಒಂದು. (1)ನ್ನು ಆಡಿದವನು ಅದನ್ನು ಮುರಿದಿಲ್ಲ. ಮಾತಿನ ಹೊಣೆಯನ್ನು ಹೆಸರಿಲ್ಲದ ಮೂರನೆಯವನ ಹೆಗಲಿಗೆ ದಾಟಿಸಿದ್ದಾನೆ. ಆದರೆ ಆಟ ನಿಲ್ಲುವುದು (2)ರ ಮೇಲೆ. ಅಲ್ಲಿ ‘ಅಂತ’ ಇಲ್ಲ. ಎರಡನೆಯವನು ಕೇಳಿದ್ದನ್ನು ವರದಿ ಮಾಡುತ್ತಿಲ್ಲ. ಆ ಯಂತ್ರವಿದೆ ಎಂದು ಒಪ್ಪಿಕೊಂಡು ಅದರ ಮಿತಿಯನ್ನು ತನ್ನ ಹೊಣೆಯಲ್ಲಿಯೇ ಹೇಳುತ್ತಿದ್ದಾನೆ. ಹರ್ಬರ್ಟ್ ಕ್ಲಾರ್ಕ್ 1996ರ ತಮ್ಮ ಗ್ರಂಥದಲ್ಲಿ ‘ಜಂಟಿ ನಟನೆ’ ಎಂದು ವಿವರಿಸಿದ ವ್ಯವಹಾರ ಇಲ್ಲಿ ಶುರುವಾಗುತ್ತದೆ. ಎರಡೂವರೆ ಎಂಬ ಅಳತೆಯೂ ಬತ್ತದ ಬಯಲಿನ ಸಪಾಟು ರಸ್ತೆಯೂ ನಿಜಲೋಕದಿಂದ ತಂದ ಸಾಮಗ್ರಿ. ಇಂಥ ಖಚಿತತೆಗೆ ಪ್ರತಿಧ್ವನಿ ಪದಗಳು ಹೊಂದುವುದಿಲ್ಲ: ‘ಡೀಜಲ್‌ಗೀಜಲ್ ಬರ್ತದಂತ’ ಎಂದರೆ ಯಂತ್ರ ಅಲ್ಲಿಯೇ ಕುಸಿಯುತ್ತದೆ. ಸೋಲುವವನು ನಂಬದವನಲ್ಲ, ‘ಖರೇನ?’ ಎಂದು ಕೇಳಿದವನು. ಆ ಪ್ರಶ್ನೆ ನಟನೆಯ ಹೊರಗೆ ನಿಂತು ಕೇಳಿದ್ದು.

ಹಾಗೆಂದು ‘ಖರೇನ?’ ಎಂಬುದು ದಡ್ಡ ಪ್ರಶ್ನೆಯಲ್ಲ. ಮುಂದಿನ ವಾಕ್ಯವನ್ನು (1)ರ ಪಕ್ಕದಲ್ಲಿಟ್ಟು ನೋಡಬೇಕು:

(4) ಹೊಸ ಗಾಡಿಗೆ ಯೂರಿಯಾ ಹಾಕಬೇಕಂತ.

ಬತ್ತದ ಗದ್ದೆಗೆ ಯೂರಿಯಾ ಎರಚುವ ಮಾನ್ವಿಯ ಕಿವಿಗೆ ಇದು ಶುದ್ಧ ತಮಾಷೆ. ಆದರೆ ವಾಕ್ಯ ಸತ್ಯ. 2020ರ ಏಪ್ರಿಲ್ 1ರಿಂದ ಬಿಎಸ್-6 ಮಾನದಂಡ ಜಾರಿಗೆ ಬಂದಮೇಲೆ ಭಾರಿ ಡೀಸೆಲ್ ಲಾರಿಗಳಲ್ಲಿ ಶೇ. 32.5 ಯೂರಿಯಾ ಇರುವ ದ್ರಾವಣಕ್ಕೆ ಬೇರೆ ಟ್ಯಾಂಕು ಸಾಮಾನ್ಯವಾಯಿತು. ಅದನ್ನು ಹೊಗೆಯೊಳಗೆ ಸಿಂಪಡಿಸಿದಾಗ ನೈಟ್ರೋಜನ್ ಆಕ್ಸೈಡುಗಳು ನೈಟ್ರೋಜನ್ ಮತ್ತು ನೀರಾಗಿ ಮಾರ್ಪಡುತ್ತವೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿಗೆ ಏಸಿ ಕಡ್ಡಾಯವೆಂಬ 2023ರ ಅಧಿಸೂಚನೆಯೂ, ಬೇಸಗೆಯಲ್ಲಿ 40 ಡಿಗ್ರಿ ದಾಟುವ ರಾಯಚೂರಿನಲ್ಲಿ ‘ಅಂತ’ ಹಚ್ಚಿ ಹೇಳಿದರೆ, ಬಡಾಯಿಯಂತೆಯೇ ಕೇಳಿಸುತ್ತದೆ. ಅಷ್ಟೇಕೆ, (1)ರಲ್ಲಿ ಡೀಸೆಲಿನ ಬದಲು ಕರೆಂಟು ಎಂದಿಟ್ಟರೆ ಅದು ವಿದ್ಯುತ್ ವಾಹನಗಳ ಬ್ರೇಕಿನ ಸರಿಯಾದ ವಿವರಣೆಯೇ. ಕೇಳಿಕೆಸೂಚಕವು ಮಾತಿನ ಮೂಲವನ್ನು ಗುರುತಿಸುತ್ತದೆಯೇ ಹೊರತು ಅದರ ಸತ್ಯಾಸತ್ಯವನ್ನಲ್ಲ ಎಂಬ ಪಾಠ್ಯಪುಸ್ತಕದ ಮಾತು ಇಲ್ಲಿ ಕಸುಬಿನ ಪ್ರಶ್ನೆಯಾಗುತ್ತದೆ: (4)ನ್ನು ತಮಾಷೆಯೆಂದು ತಳ್ಳಿದವನ ಗಾಡಿ ನಡುದಾರಿಯಲ್ಲಿ ಶಕ್ತಿ ಕಳೆದುಕೊಂಡೀತು, (1)ನ್ನು ನಂಬಿದವನು ವರ್ಷವಿಡೀ ನಗೆಗೀಡಾದಾನು.

ಈ ಅಪಾಯ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಹೊಸ ಕ್ಲೀನರನನ್ನು ಇಲ್ಲದ ಸಾಮಾನಿಗಾಗಿ ಅಂಗಡಿಗೆ ಅಟ್ಟುವ ಚೇಷ್ಟೆ, ಅದರಲ್ಲೂ ಎಡಗೈ ಪಾನಾ ತರಹೇಳುವುದು, ಬೇರೆ ದೇಶಗಳ ವರ್ಕ್‌ಶಾಪುಗಳಲ್ಲೂ ಹಳೆಯದು. ಅದರ ರೂಪ ಆಜ್ಞೆ:

(5) ಎಡಗೈ ಪಾನಾ ತಗೊಂಡು ಬಾ.

ಇಲ್ಲಿ ‘ಅಂತ’ಕ್ಕೆ ಎಡೆಯಿಲ್ಲ. ಪಾನಾ ಇದೆ ಎಂಬುದು ಆಜ್ಞೆಯ ಪೂರ್ವಕಲ್ಪನೆ. ಪೂರ್ವಕಲ್ಪನೆಯನ್ನು ಪ್ರಶ್ನಿಸುವುದೆಂದರೆ ಉಸ್ತಾದನನ್ನೇ ಪ್ರಶ್ನಿಸಿದಂತೆ. ನನ್ನ ಅಭಿಪ್ರಾಯದಲ್ಲಿ (1) ಮತ್ತು (5) ಒಂದೇ ಜಾತಿಯ ಹಾಸ್ಯವಲ್ಲ; ಮೊದಲನೆಯದು ಆಹ್ವಾನ, ಎರಡನೆಯದು ಪರೀಕ್ಷೆ. ಪರೀಕ್ಷೆಯನ್ನು ಆಹ್ವಾನವಾಗಿ ತಿರುಗಿಸುವ ದಾರಿಯೊಂದು ಉಪಭಾಷೆಯಲ್ಲಿಯೇ ಇದೆ. ಬರಿಗೈಯಲ್ಲಿ ಮರಳಿದ ಹುಡುಗ ಹೀಗೆನ್ನಬಹುದು:

(6) ಎಡಗೈದು ಖಾಲಿ ಆಗ್ಯಾವಂತ್ರಿ ಉಸ್ತಾದ. ಬಲಗೈದು ಹೊಳ್ಳಿಸಿ ಕೊಡ್ತಾರಂತ್ರಿ.

‘ಅಂತ್ರಿ’ ಎಂಬುದು ಅಂತ + ರಿ. ಗೌರವದ ‘ರಿ’ ಪ್ರಧಾನ ವಾಕ್ಯದ ತುದಿಗೆ ಹತ್ತುವುದರಿಂದ ಇಲ್ಲಿನ ‘ಅಂತ’ ಕೇಳಿಕೆಸೂಚಕವೇ. ಮೇಲೆ ಹೇಳಿದ ಸಂದಿಗ್ಧತೆಯನ್ನು ಬಿಡಿಸಲು ಇದೇ ಸುಲಭದ ಒರೆಗಲ್ಲು. ಸುಳ್ಳಿನ ಹೊಣೆ ಅಂಗಡಿಯವನದು, ಗೌರವ ಉಸ್ತಾದನದು; ಅಧಿಕಾರಕ್ಕೆ ಎದುರಾಡದೆಯೇ ಹುಡುಗ ಯಂತ್ರಕ್ಕೆ ತನ್ನದೊಂದು ಭಾಗವನ್ನು ಜೋಡಿಸಿದ್ದಾನೆ. ಅದು ಸಂದಿತೋ ಇಲ್ಲವೋ ಎಂಬುದು ಉಸ್ತಾದನ ಮುಂದಿನ ಮಾತಿನ ವ್ಯಾಕರಣದಿಂದ ತಿಳಿಯುತ್ತದೆ. ಆತ ಬೈದರೆ ಹುಡುಗ ಇನ್ನೂ ಹೊರಗಿನವನು. ‘ಎಷ್ಟಕ್ಕ ಕೊಡ್ತಾರಂತ?’ ಎಂದರೆ ವಿಷಯ ಬೇರೆ: ಪ್ರಶ್ನೆಯಲ್ಲಿ ಕೇಳಿಕೆಸೂಚಕವು ದಿಕ್ಕು ಬದಲಿಸಿ, ಸುದ್ದಿ ಬಲ್ಲವನು ಎದುರಿನಲ್ಲಿರುವಾತನೆಂದು ಒಪ್ಪಿಕೊಳ್ಳುತ್ತದೆ. ಈಗ ಬೆಲೆ ಕಟ್ಟಬೇಕಾದವನು ಕ್ಲೀನರ್.