ಹುಳು ಮನೆಯಲ್ಲಿ ಮೀನು

ಪೆರೇಸಂದ್ರದಲ್ಲಿ ಹೆದ್ದಾರಿ ಬಿಟ್ಟು ಒಳರಸ್ತೆ ಹಿಡಿದರೆ ಹಿಪ್ಪುನೇರಳೆ ತೋಟಗಳ ನಡುವೆ ಅಲ್ಲಲ್ಲಿ ಉದ್ದನೆಯ ಕಟ್ಟಡಗಳು ಕಾಣುತ್ತವೆ. ಅವು ರೇಷ್ಮೆ ಹುಳು ಸಾಕುವ ಮನೆಗಳು. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯೂ ಇಲ್ಲಿಂದ ದೂರವೇನಲ್ಲ. ಅಂಥದೊಂದು ಮನೆಯಲ್ಲಿ ಈಗ ಹುಳುವಿನ ಬದಲು ಅಕ್ವೇರಿಯಂ ಮೀನು ಸಾಕುತ್ತಿದ್ದಾರೆ ಎಂದು ಕೇಳಿ ನೋಡಲು ಹೋಗಿದ್ದೆ.

ಬಾಗಿಲಲ್ಲೇ ಚಪ್ಪಲಿ ಬಿಟ್ಟು ಕಾಲು ತೊಳೆಯಬೇಕು. ಇದು ಹುಳು ಮನೆಯ ಹಳೆಯ ಶಿಸ್ತು. ಆದರೆ ಹುಳುವಿನ ಕಾಲದಲ್ಲಿ ಹೊಸ್ತಿಲಲ್ಲಿ ಚೆಲ್ಲುತ್ತಿದ್ದ ಸುಣ್ಣ, ಬ್ಲೀಚಿಂಗ್ ಪೌಡರ್ ಈಗಿಲ್ಲ. ರೋಗ ಬಾರದಂತೆ ಹುಳುವನ್ನು ಕಾಯುತ್ತಿದ್ದ ಅದೇ ಕ್ಲೋರಿನ್ ಮೀನಿನ ಕಿವಿರನ್ನು ಸುಡುತ್ತದೆ. ಹಾಗಾಗಿ ಮೊದಲ ತೊಟ್ಟಿ ಇಡುವ ಮುನ್ನ ಗೋಡೆ, ನೆಲ ಎಲ್ಲವನ್ನೂ ಬರೀ ನೀರಿನಲ್ಲಿ ಉಜ್ಜಿ, ಕಿಟಕಿ ತೆರೆದು ವಾರಗಟ್ಟಲೆ ಒಣಗಲು ಬಿಟ್ಟಿದ್ದರಂತೆ. ಊಜಿ ನೊಣ ಬಾರದಿರಲೆಂದು ಕಿಟಕಿಗೆ ಹೊಡೆದಿದ್ದ ನೈಲಾನ್ ಬಲೆ ಮಾತ್ರ ಹಾಗೇ ಇದೆ.

ಒಳಗೆ ಕಾಲಿಟ್ಟೊಡನೆ ಮೈಗೆ ತಾಕುವುದು ಬೆಚ್ಚನೆಯ ತೇವ. ಆ ಮೇಲೆ ಎಲ್ಲ ಕಡೆಯಿಂದ ಗುಳುಗುಳು ಸದ್ದು. ಮೀನಿನ ವಾಸನೆ ಬರುತ್ತದೆ ಎಂದುಕೊಂಡಿದ್ದೆ, ಬರಲಿಲ್ಲ. ಹುಳುವಿಗೆ ಬೇಕಾದದ್ದು ಸುಮಾರು 24ರಿಂದ 28 ಡಿಗ್ರಿ ಬಿಸಿ. ಏಂಜಲ್, ಗಪ್ಪಿಗಳಿಗೂ ಹೆಚ್ಚುಕಡಿಮೆ ಅಷ್ಟೇ ಸಾಕು. ಇಡೀ ಕೋಣೆ ಬೆಚ್ಚಗಿದ್ದರೆ ತೊಟ್ಟಿಗೊಂದು ಹೀಟರ್ ಬೇಕಿಲ್ಲ. ಆದರೂ ನಂದಿ ಬೆಟ್ಟದ ಕಡೆಯ ಧನುರ್ಮಾಸದ ಚಳಿಗೆ ಅಂಜಿ ಮರಿಗಳ ತೊಟ್ಟಿಗೆ ಹೀಟರ್ ಹಾಕಿಟ್ಟಿದ್ದಾರೆ.

ಎಡಗೋಡೆಗೆ ಹುಳುವಿನ ಹಳೆಯ ಸ್ಟ್ಯಾಂಡುಗಳು ಒರಗಿವೆ. ಅವುಗಳ ಮೇಲೇಕೆ ತೊಟ್ಟಿ ಇಟ್ಟಿಲ್ಲ ಎಂದು ಕೇಳಿದೆ. ಮನೆಯಾಕೆ ನಕ್ಕರು. “ಸೊಪ್ಪು ಹೊರೋಕೆ ಮಾಡಿಸಿದ್ದು ಸಾರ್, ನೀರು ಹೊರೋಕಲ್ಲ.” ಲೆಕ್ಕ ಹಾಕಿದರೆ ಮಾತು ಸರಿಯೇ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಅಷ್ಟೇ ಎತ್ತರದ ತೊಟ್ಟಿ ತುಂಬಿದರೆ 190 ಲೀಟರ್, ಅಂದರೆ 190 ಕಿಲೋ ನೀರು. ಗಾಜಿನ ತೂಕ ಬೇರೆ. ದಪ್ಪ ಆಂಗಲ್ ಕಬ್ಬಿಣದ ಹೊಸ ಸ್ಟ್ಯಾಂಡು ಮಾಡಿಸಿ, ದೊಡ್ಡವನ್ನು ಕೆಳಸಾಲಿಗೆ, ಸಣ್ಣವನ್ನು ಮೇಲಕ್ಕೆ ಇಟ್ಟಿದ್ದಾರೆ. ಪ್ರತಿ ತೊಟ್ಟಿಯ ಅಡಿಗೂ ಥರ್ಮೋಕೋಲ್ ಹಾಳೆ. ಇಲ್ಲದಿದ್ದರೆ ಹಲಗೆಯ ಮೇಲಿನ ಒಂದು ಕಲ್ಲಿನ ಚೂರು ಸಾಕು, ತಳದ ಗಾಜು ಸೀಳಲು.

ಮೂಲೆಯಲ್ಲಿ ನೀಲಿ ಡ್ರಮ್ಮುಗಳ ಸಾಲು. ನನಗೆ ಮೀನಿಗಿಂತ ಇದೇ ಹೆಚ್ಚು ಕುತೂಹಲ ಹುಟ್ಟಿಸಿತು. ಈ ಸೀಮೆಯ ಬೋರ್‌ವೆಲ್ ಎಷ್ಟು ಆಳ ಎಂದು ಎಲ್ಲರಿಗೂ ಗೊತ್ತು. ಅಷ್ಟು ಕೆಳಗಿನಿಂದ ಬಂದ ನೀರಿನಲ್ಲಿ ಆಮ್ಲಜನಕ ಕಡಿಮೆ. ಅದಕ್ಕೇ ಡ್ರಮ್ಮಿನಲ್ಲಿ ಒಂದು ದಿನ ಗಾಳಿ ಹಾಯಿಸಿ ಆಮೇಲೆ ಬಳಸುತ್ತಾರೆ. ಡ್ರಮ್ಮಿನ ಅಂಚಿನಲ್ಲಿ ಉಗುರಿನಿಂದ ಕೆರೆದರೆ ಬಿಳಿ ಪುಡಿ ಉದುರಿತು. ನೀರು ಅಷ್ಟು ಗಡಸು. ಗಪ್ಪಿ, ಮೋಲಿಗಳಿಗೆ ಗಡಸು ನೀರೇ ಒಗ್ಗುತ್ತದೆ. ಡಿಸ್ಕಸ್ ಸಾಕಬೇಕೆಂದಿದ್ದರೆ ಆರ್‌ಒ ಯಂತ್ರ ಇಡಬೇಕಿತ್ತು, ಅದು ಹೊರಹಾಕುವ ನೀರಿಗೆ ದಾರಿಯನ್ನೂ ಹುಡುಕಬೇಕಿತ್ತು. ಇರುವ ನೀರಿಗೆ ಹೊಂದುವ ಮೀನು ತಂದದ್ದು ಈ ಮನೆಯವರ ಜಾಣತನ ಎಂದೇ ನನ್ನೆಣಿಕೆ.

ತಲೆಯೆತ್ತಿದರೆ ಗೋಡೆಯ ಸುತ್ತ ಪಿವಿಸಿ ಪೈಪು. ಒಂದೇ ದೊಡ್ಡ ಏರ್ ಪಂಪಿನ ಗಾಳಿ ಅದರಲ್ಲಿ ಹರಿದು, ಪುಟ್ಟ ವಾಲ್ವುಗಳ ಮೂಲಕ ಪ್ರತಿ ತೊಟ್ಟಿಯ ಸ್ಪಂಜ್ ಫಿಲ್ಟರಿಗೆ ಇಳಿಯುತ್ತದೆ. ಕರೆಂಟು ಹೋದರೆ ಪಂಪಿನೊಳಗೆ ನೀರು ಹಿಮ್ಮುಖವಾಗಿ ಇಳಿಯಬಾರದೆಂದು ಅದನ್ನು ತೊಟ್ಟಿಗಳಿಗಿಂತ ಎತ್ತರದಲ್ಲಿ, ತೋಟಕ್ಕೆ ಬೆನ್ನು ಹಾಕಿದ ಗೋಡೆಗೆ ಕೂರಿಸಿದ್ದಾರೆ. ತೋಟದ ಕಡೆಗಿದ್ದರೆ, ಪಕ್ಕದ ದ್ರಾಕ್ಷಿಗೋ ಹೂವಿಗೋ ಔಷಧಿ ಹೊಡೆದ ದಿನ ಪಂಪು ಆ ಗಾಳಿಯನ್ನೆಳೆದು ನೇರ ನೀರಿಗೇ ತುಂಬುತ್ತದೆ. ಹುಳುವಿಗೆ ಆಗದ ಕೀಟನಾಶಕಗಳಲ್ಲಿ ಅನೇಕವು ಮೀನಿಗೂ ಆಗವು. ಈ ಎಚ್ಚರ ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಸ್ಪಂಜುಗಳು ಕೊಳಕಾಗಿ ಕಂದು ಬಣ್ಣಕ್ಕೆ ತಿರುಗಿದ್ದವು. ತೊಳೆಯಬಾರದೇ ಎಂದೆ. ತೊಟ್ಟಿಯದೇ ನೀರಿನಲ್ಲಿ ಒಮ್ಮೆ ಹಿಂಡಬಹುದು, ಅಷ್ಟೇ. ಆ ಕೊಳೆಯಲ್ಲೇ ಬ್ಯಾಕ್ಟೀರಿಯಾಗಳಿವೆ. ಮೀನಿನ ಹಿಕ್ಕೆಯಿಂದ ಬರುವ ಅಮೋನಿಯಾವನ್ನು ಅವು ನೈಟ್ರೈಟಾಗಿ, ಬಳಿಕ ನೈಟ್ರೇಟಾಗಿ ಮಾಡುತ್ತವೆ. ಹೊಸ ತೊಟ್ಟಿಯಲ್ಲಿ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೊದಲ ದಿನವೇ ಮೀನು ತುಂಬಿದವರ ತೊಟ್ಟಿಗಳು ಸಾಮಾನ್ಯವಾಗಿ ಹಾಳಾಗುವುದು ಇಲ್ಲೇ.

ಮಧ್ಯದ ಸಾಲಿನಲ್ಲಿ ಏಂಜಲ್ ಜೋಡಿಯೊಂದು ಕಡಪಾ ಕಲ್ಲಿನ ತುಂಡಿನ ಮುಂದೆ ಕಾವಲು ನಿಂತಿತ್ತು. ಬಗ್ಗಿ ನೋಡಿದರೆ ಕಲ್ಲಿನ ಮೇಲೆ ಸಾಲುಸಾಲಾಗಿ ಮೊಟ್ಟೆ, ಸಾಸಿವೆಗಿಂತ ಚಿಕ್ಕವು. ನಡುನಡುವೆ ಕೆಲವು ಬೆಳ್ಳಗಾಗಿದ್ದವು; ಅವು ಕೆಟ್ಟವು. ಎರಡರಲ್ಲಿ ಗಂಡು ಯಾವುದು, ನನಗೆ ತಿಳಿಯಲಿಲ್ಲ. ಮೊಟ್ಟೆ ಇಡುವವರೆಗೆ ಸಾಕುವವರಿಗೂ ಖಚಿತವಿರುವುದಿಲ್ಲವಂತೆ. ಪಕ್ಕದಲ್ಲೇ ತಲೆಕೆಳಗಾದ ಬಾಟಲಿಗಳಲ್ಲಿ ಉಪ್ಪುನೀರು ಕುದಿದಂತೆ ಗುಳ್ಳೆಯೇಳುತ್ತಿತ್ತು. ಅದರಲ್ಲಿ ಆರ್ಟೀಮಿಯಾ ಎಂಬ ಪುಟ್ಟ ಉಪ್ಪುನೀರಿನ ಸೀಗಡಿಯ ಮೊಟ್ಟೆ ಒಂದು ದಿನದಲ್ಲಿ ಒಡೆದು, ಈಜತೊಡಗಿದ ಮೀನುಮರಿಗಳಿಗೆ ಮೊದಲ ಊಟವಾಗುತ್ತದೆ.

ಹೊಸದಾಗಿ ತಂದ ಮೀನಿನ ತೊಟ್ಟಿ ದೂರದ ಮೂಲೆಯಲ್ಲಿ ಒಂಟಿಯಾಗಿದೆ. ಅದರ ಬಲೆಯ ಹಿಡಿಗೆ ಕೆಂಪು ದಾರ; ಆ ಬಲೆ ಬೇರೆ ನೀರಿಗಿಳಿಯುವಂತಿಲ್ಲ. ಸ್ವಿಚ್ ಬೋರ್ಡಿನ ಬಳಿ ಪ್ರತಿ ವೈರೂ ಒಮ್ಮೆ ಕೆಳಗೆ ಜೋತು, ಮತ್ತೆ ಮೇಲೇರಿ ಪ್ಲಗ್ಗಿಗೆ ಸೇರುತ್ತದೆ. ವೈರಿನಗುಂಟ ಜಾರಿದ ನೀರು ಜೋತ ಜಾಗದಲ್ಲೇ ತೊಟ್ಟಿಕ್ಕಿಬಿಡಲಿ, ಪ್ಲಗ್ಗಿಗೆ ಹೋಗದಿರಲಿ ಎಂದು.

ಖರ್ಚೆಷ್ಟು, ಗಿಟ್ಟುತ್ತದೆಯೇ ಎಂಬುದನ್ನು ಒಂದು ಭೇಟಿಯಲ್ಲಿ ಹೇಳಲಾರೆ. 2020ರಲ್ಲಿ ಬಂದ ಕೇಂದ್ರದ ಮತ್ಸ್ಯ ಸಂಪದ ಯೋಜನೆಯಲ್ಲಿ ಹಿತ್ತಲಲ್ಲಿ ಅಲಂಕಾರಿಕ ಮೀನು ಸಾಕುವ ಘಟಕಕ್ಕೆ 3 ಲಕ್ಷ ರೂಪಾಯಿ ವೆಚ್ಚ ಲೆಕ್ಕ ಹಿಡಿದಿದ್ದರು. ಸಾಮಾನ್ಯ ವರ್ಗಕ್ಕೆ ಶೇ. 40, ಮಹಿಳೆಯರಿಗೂ ಪರಿಶಿಷ್ಟರಿಗೂ ಶೇ. 60 ಸಹಾಯಧನ. ಇವರು ಅದರ ಗೊಡವೆಗೆ ಹೋಗದೆ ಒಂದೊಂದೇ ತೊಟ್ಟಿ ಸೇರಿಸುತ್ತ ಬಂದವರು.

ಹಿಂಬಾಗಿಲಿನ ಮೋರಿಯಿಂದ ಹಳೆಯ ನೀರು ಹಿಪ್ಪುನೇರಳೆ ಸಾಲಿಗೆ ಹರಿಯುತ್ತಿತ್ತು. ಆ ನೈಟ್ರೇಟ್ ಗಿಡಕ್ಕೆ ಗೊಬ್ಬರವೇ. ಮತ್ತೆ ಮೊದಲಿಂದ ಕಟ್ಟುವುದಾದರೆ ಏನು ಬದಲಿಸುತ್ತೀರಿ ಎಂದು ಹೊರಡುವಾಗ ಕೇಳಿದೆ. “ಈ ತುದೀಲೂ ಒಂದು ಮೋರಿ ಬೇಕಿತ್ತು ಸಾರ್,” ಎಂದರು ಬಕೆಟ್ಟು ಎತ್ತಿಕೊಳ್ಳುತ್ತ. “ವಾರಕ್ಕೊಂದ್ಸಲ ಅರ್ಧ ಮನೆ ನೀರು ನಾನೇ ಹೊರಬೇಕು.”