ಪ್ರವೇಶ ಪತ್ರ ಕೈಸೇರಿತು, ಲೆಕ್ಕ ಮುಗಿಯಲಿಲ್ಲ

ಬೆಂಗಳೂರು: ಅಮೆರಿಕದ ವಿಶ್ವವಿದ್ಯಾಲಯವೊಂದರಲ್ಲಿ ಎಂಜಿನಿಯರಿಂಗ್ ಸ್ನಾತಕೋತ್ತರ ಪದವಿಗೆ ಪ್ರವೇಶ ದೊರೆತಿದೆ ಎಂಬ ಇ-ಮೇಲ್ ಬಂದ ದಿನ ಮನೆಯಲ್ಲಿ ಸಿಹಿ ಹಂಚುವುದು ಸಹಜ. ಆದರೆ ಅದು ಅರ್ಧ ದಾರಿ ಮಾತ್ರ. ಅಲ್ಲಿಯವರೆಗೆ ಪರೀಕ್ಷೆಗೆ ಒಳಗಾದದ್ದು ವಿದ್ಯಾರ್ಥಿಯ ಅಂಕಪಟ್ಟಿ. ಮುಂದೆ ಪರೀಕ್ಷೆಗೆ ಒಳಗಾಗುವುದು ಕುಟುಂಬದ ಹಣಕಾಸು.

2024-25ರಲ್ಲಿ, ವ್ಯಾಸಂಗದ ನಂತರದ ತರಬೇತಿಯಲ್ಲಿದ್ದವರೂ ಸೇರಿದಂತೆ, ಅಮೆರಿಕದಲ್ಲಿದ್ದ ಭಾರತೀಯ ವಿದ್ಯಾರ್ಥಿಗಳ ಸಂಖ್ಯೆ ಸುಮಾರು 3.63 ಲಕ್ಷ. ಬೇರಾವ ದೇಶದಿಂದಲೂ ಇಷ್ಟು ಮಂದಿ ಹೋಗಿರಲಿಲ್ಲ.

ಅರ್ಜಿ ಹೇಗೆ?

ಆಗಸ್ಟ್ ವೇಳೆಗೆ ಆರಂಭವಾಗುವ 'ಫಾಲ್' ಅವಧಿಗೆ ಅರ್ಜಿಯ ಗಡುವು ಸಾಮಾನ್ಯವಾಗಿ ಹಿಂದಿನ ಡಿಸೆಂಬರ್-ಜನವರಿಯ ಆಸುಪಾಸಿನಲ್ಲಿರುತ್ತದೆ. ಎಲ್ಲ ಸೆಮಿಸ್ಟರ್‌ಗಳ ಅಂಕಪಟ್ಟಿ, ಅಧ್ಯಾಪಕರ ಶಿಫಾರಸು ಪತ್ರಗಳು, ಉದ್ದೇಶ ನಿರೂಪಣೆ, ಟೋಫೆಲ್ ಅಥವಾ ಐಇಎಲ್‌ಟಿಎಸ್ ಅಂಕ ಬೇಕು. ಜಿಆರ್‌ಇ ಕಡ್ಡಾಯವೆಂಬ ನಿಯಮವನ್ನು 2020ರ ನಂತರ ಹಲವು ವಿಭಾಗಗಳು ಕೈಬಿಟ್ಟಿವೆ. ಒಂದೇ ವಿಶ್ವವಿದ್ಯಾಲಯದಲ್ಲಿಯೂ ವಿಭಾಗದಿಂದ ವಿಭಾಗಕ್ಕೆ ನಿಯಮ ಬೇರೆಯಿರುವುದುಂಟು.

ಐ-20ರ ಒಳಗುಟ್ಟು

ಪ್ರವೇಶದ ಬಳಿಕ ವಿಶ್ವವಿದ್ಯಾಲಯ ನೀಡುವ 'ಐ-20' ಪತ್ರವಿಲ್ಲದೆ 'ಎಫ್-1' ವಿದ್ಯಾರ್ಥಿ ವೀಸಾಕ್ಕೆ ಅರ್ಜಿ ಸಲ್ಲಿಸಲಾಗದು. ಈ ಪತ್ರಕ್ಕಾಗಿ ಮೊದಲ ವರ್ಷದ ಶುಲ್ಕ ಹಾಗೂ ಜೀವನ ವೆಚ್ಚಕ್ಕೆ ಹಣವಿದೆ ಎಂದು ತೋರಿಸಬೇಕು. ಬ್ಯಾಂಕ್ ಠೇವಣಿ, ಮಂಜೂರಾದ ಸಾಲದ ಪತ್ರ ನಡೆಯುತ್ತವೆ. ಮನೆ, ಜಮೀನಿನ ಮೌಲ್ಯ ಸಾಮಾನ್ಯವಾಗಿ ನಡೆಯದು.

ಅನೇಕರು ಎಡವುವುದು ಇಲ್ಲಿಯೇ. ಪತ್ರದಲ್ಲಿರುವುದು ಒಂದು ವರ್ಷದ ಲೆಕ್ಕ. ವ್ಯಾಸಂಗ ಒಂದೂವರೆಯಿಂದ ಎರಡು ವರ್ಷ. ಒಟ್ಟು ವೆಚ್ಚ 1 ಲಕ್ಷ ಡಾಲರ್ ಎಂದುಕೊಂಡರೆ, ಡಾಲರ್ ಬೆಲೆ ಕೇವಲ 1 ರೂಪಾಯಿ ಏರಿದರೂ ಕುಟುಂಬದ ಮೇಲೆ 1 ಲಕ್ಷ ರೂಪಾಯಿ ಹೆಚ್ಚುವರಿ ಹೊರೆ. ತರಗತಿಗಳು ನಡೆಯುವಾಗ ಕ್ಯಾಂಪಸ್‌ನಲ್ಲಿ ವಾರಕ್ಕೆ 20 ಗಂಟೆಯಷ್ಟೇ ದುಡಿಯಲು ಅವಕಾಶ. ಅದರಿಂದ ಕೈಖರ್ಚು ನೀಗಬಹುದೇ ಹೊರತು ಶುಲ್ಕವಲ್ಲ. ಪಿಎಚ್.ಡಿ. ವಿದ್ಯಾರ್ಥಿಗಳಿಗೆ ಸಾಮಾನ್ಯವಾಗಿ ದೊರೆಯುವ ಶುಲ್ಕ ವಿನಾಯಿತಿ, ವೇತನ ಎಂ.ಎಸ್. ವಿದ್ಯಾರ್ಥಿಗಳಲ್ಲಿ ಹೆಚ್ಚಿನವರಿಗೆ ಸಿಗುವುದಿಲ್ಲ.

ವೀಸಾ ಬಾಗಿಲು

'ಸೆವಿಸ್' ಶುಲ್ಕ 350 ಡಾಲರ್, ವೀಸಾ ಅರ್ಜಿ ಶುಲ್ಕ 185 ಡಾಲರ್. 2025ರ ಜನವರಿಯಲ್ಲಿ ಬೆಂಗಳೂರಿನಲ್ಲಿ ಅಮೆರಿಕದ ಕಾನ್ಸುಲೇಟ್ ಉದ್ಘಾಟನೆಯಾಯಿತಾದರೂ ವೀಸಾ ಸೇವೆ ಅಂದೇ ಆರಂಭವಾಗಲಿಲ್ಲ. ಅರ್ಜಿದಾರ ಅಲ್ಲಿಯೇ ನೆಲೆಸಲು ಹೊರಟವನೆಂದು ಅಮೆರಿಕದ ಕಾನೂನು ಮೊದಲೇ ಭಾವಿಸುತ್ತದೆ. ಹಾಗಲ್ಲವೆಂದು ಸಂದರ್ಶನದ ಕೆಲವೇ ನಿಮಿಷಗಳಲ್ಲಿ ಮನವರಿಕೆ ಮಾಡಿಕೊಡುವ ಹೊಣೆ ವಿದ್ಯಾರ್ಥಿಯದು.

ಐ-20 ಇದ್ದ ಮಾತ್ರಕ್ಕೆ ಸಂಸ್ಥೆ ಅಸಲಿ ಎನ್ನುವಂತಿಲ್ಲ. ಕ್ಯಾಲಿಫೋರ್ನಿಯದ ಟ್ರೈ-ವ್ಯಾಲಿ ವಿಶ್ವವಿದ್ಯಾಲಯದ ಮೇಲೆ 2011ರಲ್ಲಿ ದಾಳಿ ನಡೆದಾಗ ನೂರಾರು ಭಾರತೀಯ ವಿದ್ಯಾರ್ಥಿಗಳು ಅತಂತ್ರರಾದರು. ಮಿಷಿಗನ್‌ನ 'ಫಾರ್ಮಿಂಗ್ಟನ್ ವಿಶ್ವವಿದ್ಯಾಲಯ'ವಂತೂ ವಲಸೆ ಅಧಿಕಾರಿಗಳೇ ಹೂಡಿದ್ದ ಬಲೆ. ಅಲ್ಲಿ ಹೆಸರು ನೋಂದಾಯಿಸಿದ್ದ 129 ಭಾರತೀಯರು 2019ರಲ್ಲಿ ಬಂಧಿತರಾದರು. ತರಗತಿಗಳೇ ಇಲ್ಲದೆ ದುಡಿಯುವ ಅವಕಾಶ ಕೊಡಿಸುತ್ತೇವೆ ಎನ್ನುವವರಿಂದ ದೂರವಿರುವುದೇ ಲೇಸು.

ಸಾಲ ತೀರುವುದು ಹೇಗೆ?

ಎಂಜಿನಿಯರಿಂಗ್ ಪದವೀಧರರಿಗೆ 'ಒಪಿಟಿ' ತರಬೇತಿಯ ಹೆಸರಿನಲ್ಲಿ 12 ತಿಂಗಳು, ವಿಸ್ತರಣೆಯಾಗಿ ಇನ್ನೂ 24 ತಿಂಗಳು ಕೆಲಸ ಮಾಡಲು ಅವಕಾಶವಿದೆ. ಇದು ಅವಕಾಶವೇ ಹೊರತು ನೌಕರಿಯ ಭರವಸೆಯಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಹೊಸ ಎಚ್-1ಬಿ ಅರ್ಜಿಗಳಿಗೆ 1 ಲಕ್ಷ ಡಾಲರ್ ಶುಲ್ಕ ಘೋಷಣೆಯಾದದ್ದು, ನಿಯಮಗಳು ಎಷ್ಟು ಬೇಗ ಬದಲಾಗಬಲ್ಲವು ಎಂಬುದಕ್ಕೆ ನಿದರ್ಶನ.

ಆದ್ದರಿಂದ ಮನೆಯನ್ನು ಅಡಮಾನ ಇಡುವ ಮುನ್ನ ಪೋಷಕರು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಮಗ ಅಥವಾ ಮಗಳು ಪದವಿ ಪಡೆದು ನೇರವಾಗಿ ಊರಿಗೆ ಮರಳಿದರೂ, ಇಲ್ಲಿಯ ಸಂಬಳದಲ್ಲಿ ಈ ಸಾಲ ತೀರೀತೇ? ಹೌದು ಎನ್ನಬಲ್ಲವರು ನೆಮ್ಮದಿಯಿಂದ ವಿಮಾನ ಹತ್ತಿಸಬಹುದು.