ಮೂಕಪ್ರಾಣಿಯ ಶಸ್ತ್ರಚಿಕಿತ್ಸೆ: ಮನೆಯವರ ಕರ್ತವ್ಯ

ಉಮರ್ಗಾ, ನಿಲಂಗಾ, ಉದಗೀರ ಪ್ರಾಂತದ ನಮ್ಮ ಮನೆಗಳಲ್ಲಿ ದೇವಣಿ ಆಕಳು, ಎತ್ತು, ನಾಯಿ, ಬೆಕ್ಕುಗಳು ಕುಟುಂಬದವರಂತೆಯೇ ಬಾಳುತ್ತವೆ. ಅವುಗಳಿಗೆ ಶಸ್ತ್ರಚಿಕಿತ್ಸೆ ಅವಶ್ಯವೆಂದು ವೈದ್ಯರು ತಿಳಿಸಿದೊಡನೆ ಹಿರಿಯರು ಕಳವಳಗೊಳ್ಳುವರು, ಮಕ್ಕಳು ಅಳುವರು. ಕೆಲವರು ಭಯದಿಂದ ದಿನಗಳನ್ನು ದೂಡುವರು. ಮುಂದೇನಾಗುವುದೆಂಬುದನ್ನು ಮೊದಲೇ ಅರಿತಿದ್ದರೆ ಈ ಭಯವು ಬಹುಮಟ್ಟಿಗೆ ತಗ್ಗುವುದು. 1987ರಲ್ಲಿ ಪ್ರಾರಂಭವಾದ ಪಶುವೈದ್ಯಕೀಯ ಮಹಾವಿದ್ಯಾಲಯವು ಉದಗೀರದಲ್ಲಿಯೇ ಇರುವುದು ನಮ್ಮ ಭಾಗದ ಭಾಗ್ಯ. ಗಡಿಯಾಚೆ ಬೀದರದಲ್ಲಿಯೂ ಅಂಥದೊಂದು ಇದೆ.

ಆಕಳು ಮೇವನ್ನು ಚೆನ್ನಾಗಿ ಅಗಿಯದೆ ನುಂಗಿ, ಅನಂತರ ಮೆಲುಕು ಹಾಕುವ ಪ್ರಾಣಿ. ಆದುದರಿಂದ ಮುಸುರೆಯೊಡನೆ ನಾವು ಎಸೆದ ಪ್ಲಾಸ್ಟಿಕ್ ಚೀಲ, ತಂತಿ, ಮೊಳೆಗಳೂ ಅದರ ಹೊಟ್ಟೆಯನ್ನು ಸೇರುವುವು. ಚೀಲಗಳು ಜೀರ್ಣವಾಗದೆ ಗಂಟುಕಟ್ಟುವುವು. ತಂತಿಯು ಹೊಟ್ಟೆಯ ಗೋಡೆಯನ್ನು ಚುಚ್ಚಿ ಹೃದಯವನ್ನೂ ಮುಟ್ಟಬಹುದು. ಆಗ ವೈದ್ಯರು ಸಾಮಾನ್ಯವಾಗಿ ಆಕಳು ನಿಂತಿರುವಾಗಲೇ ಅದರ ಎಡಮಗ್ಗುಲನ್ನು ಚುಚ್ಚುಮದ್ದಿನಿಂದ ಮರಗಟ್ಟಿಸಿ, ಕೊಯ್ದು, ಕಸವನ್ನು ಕೈಯಿಂದ ಹೊರತೆಗೆದು ಹೊಲಿಯುವರು.

ನಾಯಿ, ಬೆಕ್ಕುಗಳಿಗಾದರೋ ಪೂರ್ಣ ಅರಿವಳಿಕೆ ಬೇಕಾಗುವುದು. ಅರಿವಳಿಕೆಯಲ್ಲಿ ಹೊಟ್ಟೆಯ ಅನ್ನವು ಮೇಲಕ್ಕೆ ಬಂದು ಶ್ವಾಸನಾಳವನ್ನು ಹೊಕ್ಕರೆ ಪ್ರಾಣಾಪಾಯ. ಅದಕ್ಕಾಗಿಯೇ ವೈದ್ಯರು ಉಪವಾಸವನ್ನು ವಿಧಿಸುತ್ತಾರೆ. ಹಸಿದಿದೆಯೆಂದು ಮರುಗಿ ಮಗುವು ಗುಟ್ಟಾಗಿ ಕೊಟ್ಟ ರೊಟ್ಟಿಯ ಚೂರೂ ಕೇಡಾದೀತು. ಕೊಟ್ಟಿದ್ದರೆ ಮುಚ್ಚಿಡದೆ ತಿಳಿಸಬೇಕು. ಚಿಕಿತ್ಸೆಯನ್ನು ಮರುದಿನಕ್ಕೆ ಮುಂದೂಡಿದರೆ ನಷ್ಟವಿಲ್ಲ. ಚಿಕಿತ್ಸೆಗೆ ಮುನ್ನ ಒಡೆಯನ ಒಪ್ಪಿಗೆ ಪಡೆಯುವುದು ವಾಡಿಕೆ. ಎಷ್ಟೇ ಎಚ್ಚರ ವಹಿಸಿದರೂ ಕೆಲವೊಮ್ಮೆ ಜೀವ ಉಳಿಯದು. ಈ ಸತ್ಯವನ್ನು ಮಕ್ಕಳಿಗೂ ಮೃದುವಾಗಿ ಹೇಳಿರಬೇಕು.

ಮನೆಗೆ ಮರಳಿದ ನಾಯಿ ತೂರಾಡಬಹುದು, ನಡುಗಬಹುದು, ಮುಲುಗಬಹುದು. ಇದು ಮದ್ದಿನ ಮಂಪರು, ಗಾಬರಿ ಬೇಡ. ಬೆಚ್ಚನೆಯ, ಸದ್ದಿಲ್ಲದ ಎಡೆಯಲ್ಲಿ ಮಲಗಿಸಿ, ಪೂರ್ತಿ ಎಚ್ಚರವಾಗುವವರೆಗೆ ಅನ್ನನೀರು ಕೊಡದಿರಬೇಕು. ಗಾಯವನ್ನು ನೆಕ್ಕಿದರೆ ಹೊಲಿಗೆ ಬಿಚ್ಚುವುದು, ಕೀವಾಗುವುದು. ಅದನ್ನು ತಡೆಯಲು ಕೊರಳಿಗೆ ತುತ್ತೂರಿಯಾಕಾರದ ಪಟ್ಟಿ ಕಟ್ಟುವರು. ಕನಿಕರದಿಂದ ಅದನ್ನು ಬಿಚ್ಚಬಾರದು. ಹೊಲಿಗೆಗಳನ್ನು ಸಾಮಾನ್ಯವಾಗಿ 10ರಿಂದ 14 ದಿನಗಳಲ್ಲಿ ತೆಗೆಯುವರು. ಅಲ್ಲಿಯವರೆಗೆ ಓಟ, ನೆಗೆತ, ಸ್ನಾನ ಸಲ್ಲವು. ನಮ್ಮ ನೋವಿನ ಗುಳಿಗೆಗಳನ್ನು ಪ್ರಾಣಿಗಳಿಗೆ ಕೊಡಲೇಬಾರದು; ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ರೋಗಾಣುನಾಶಕ ಮದ್ದು ಪಡೆದ ಆಕಳ ಹಾಲನ್ನು ವೈದ್ಯರು ಹೇಳಿದಷ್ಟು ದಿನ ಬಳಸಬಾರದು, ಮಾರಲೂ ಬಾರದು. ರಕ್ತ ಸೋರಿದರೆ, ಬಾವು ಬೆಳೆದರೆ, ದುರ್ಗಂಧ ಬಂದರೆ, ಮೇವು ಬಿಟ್ಟರೆ ತಡಮಾಡದೆ ವೈದ್ಯರನ್ನು ಕಾಣಬೇಕು.

ಶಸ್ತ್ರದ ಕೆಲಸ ಕೆಲವೇ ಗಳಿಗೆಗಳದು. ಶುಶ್ರೂಷೆ ಹಲವು ದಿನಗಳದು. ಮೊದಲಿನದು ವೈದ್ಯರ ಕೈಯಲ್ಲಿದೆ, ಎರಡನೆಯದು ನಮ್ಮ ಕೈಯಲ್ಲಿದೆ. ವಿದ್ಯಾರ್ಥಿಗಳೇ, ನೋವನ್ನು ಬಾಯಿಬಿಟ್ಟು ಹೇಳಲಾರದ ಪ್ರಾಣಿಗೆ ನಿಮ್ಮ ಕಣ್ಣೇ ನಾಲಗೆಯಾಗಲಿ. ಇಂದಿನಿಂದ ಮುಸುರೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬೀದಿಗೆ ಎಸೆಯದಿದ್ದರೆ, ಎಷ್ಟೋ ಆಕಳುಗಳಿಗೆ ಶಸ್ತ್ರದ ನೋವೇ ತಪ್ಪುವುದು.